ಕುಣಿಗಲು ಸೀಮೆಯ ಸೌದೆಯ ಲೆಕ್ಕವೂ ಲೋಕದ ಇಂಧನವಿಚಾರವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಒಲೆಯ ಮುಂದಣ ರಾಶಿಯ ಪರಿಚಯವು ಅಕ್ಷರಾಭ್ಯಾಸಕ್ಕಿಂತ ಮುಂಚಿನದು. ಸೋಗೆ, ಎಡಮಟ್ಟೆ, ಒಣಗಿದ ಹೊಂಬಾಳೆ, ಕಾಯಿಯ ಮಟ್ಟೆ, ಕೊಬ್ಬರಿ ತೆಗೆದ ಮೇಲೆ ಉಳಿದ ಕರಟ, ಇವೇ ಆ ರಾಶಿ. ಇದನ್ನು ಕುರಿತು ವಿದ್ವತ್ಪತ್ರಿಕೆಯೊಂದರಲ್ಲಿ ಬರೆಯುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ತುರುವೇಕೆರೆಗೆ ಎಲ್ಲೆ ಹೊಂದಿರುವ ಕುಣಿಗಲು ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ೧೯೭೭ನೆಯ ಇಸವಿಯಲ್ಲಿ ಒಲೆಗೆ ಹೋಗುವ ಸೌದೆಯನ್ನು ತೂಗಿ ಬರೆದಿಟ್ಟ ಲೆಕ್ಕವು, ಹತ್ತೇ ವರ್ಷಗಳೊಳಗೆ ಬ್ರೆಜಿಲ್, ಸ್ವೀಡನ್, ಅಮೆರಿಕಾ ದೇಶಗಳ ವಿದ್ವಾಂಸರ ಲೆಕ್ಕಗಳೊಡನೆ ಕೂಡಿಕೊಂಡು, ಲೋಕಕ್ಕೆಲ್ಲ ಎಷ್ಟು ಇಂಧನ ಬೇಕು ಎಂಬ ವಿಚಾರಕ್ಕೆ ಒಂದು ಆಧಾರವಾಯಿತು. ಈ ಸಂಗತಿಯು ನಮ್ಮ ಜಿಲ್ಲೆಯ ಚರಿತ್ರೆಗೆ ಸೇರಿದುದು. ಶಾಸನಗಳನ್ನೂ ವೀರಗಲ್ಲುಗಳನ್ನೂ ಹುಡುಕಿ ಓದುವ ನಾವು ಇದನ್ನು ಬಿಟ್ಟಿರುವುದಕ್ಕೆ ಕಾರಣವನ್ನು ನಾನು ಕಾಣೆ. ಆ ಲೆಕ್ಕವು ಇಲ್ಲಿಂದ ಹೊರಟು ಹೋದ ದಾರಿಯನ್ನೂ, ಅದಕ್ಕೆ ಪ್ರತಿಯಾಗಿ ಹೊರಗಿನಿಂದ ಇಲ್ಲಿಗೆ ಬಂದ ಯಂತ್ರಗಳ ಗತಿಯನ್ನೂ ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇನೆ.

ಮೊದಲು ಶಬ್ದವಿಚಾರ. ಇಂಧನವೆಂಬುದು ಬೆಳಗುವಿಕೆಯನ್ನು ಹೇಳುವ ಇಂಧ್ ಧಾತುವಿನಿಂದ ಬಂದಿದೆ. ಅದಕ್ಕೇ ಸಮ್ ಎಂಬ ಉಪಸರ್ಗ ಸೇರಿ ಸಮಿಧೆಯಾಗಿದೆ. ಅಮರಸಿಂಹನು ಇಂಧನ, ಏಧ, ಇಧ್ಮ, ಸಮಿತ್ ಎಂಬಿವನ್ನು ಒಂದೇ ಕಡೆ ಪರ್ಯಾಯಗಳಾಗಿ ಹೇಳಿರುವುದು ವನೌಷಧಿವರ್ಗದಲ್ಲಿ. ಎಂದರೆ ಗಿಡಮರಗಳ ನಡುವೆ. ಆದುದರಿಂದ ನೆಲದಡಿಯ ಎಣ್ಣೆಗೂ ಅನಿಲಕ್ಕೂ ಈಗ ನಾವು ಇಂಧನವೆಂಬ ಹೆಸರನ್ನು ಕೊಡುವಾಗ, ಮರಕ್ಕೆ ಸೇರಿದ ಪದವನ್ನು ಕಡ ತಂದಂತಾಗುತ್ತದೆ. ಕನ್ನಡದ ಉರುವಲು ಎಂಬ ಮಾತು ಉರಿಯಿಂದ ಆದುದು; ಅದು ಇನ್ನೂ ವಿಶಾಲವಾಗಿದೆ, ಪುಳ್ಳೆಯಿಂದ ಬೆರಣಿಯವರೆಗೆ ಎಲ್ಲವನ್ನೂ ಒಳಕೊಳ್ಳುತ್ತದೆ. ಈ ಭೇದದಿಂದ ಮುಂದೆ ಪ್ರಯೋಜನವುಂಟು.

೧೯೭೩ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆದು ಬೆಲೆಯನ್ನು ಏರಿಸಿದಾಗ ಲೋಕದ ರಾಜ್ಯಗಳೆಲ್ಲವೂ ಕಳವಳಗೊಂಡವು. ಆ ಮರುವರ್ಷ, ೧೯೭೪ರಲ್ಲಿ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು (೧೯೩೦–೨೦೦೬) ಒಂದು ಹೊಸ ವಿಭಾಗವನ್ನು ತೆರೆದರು. ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರಾದವರು. ಬಾಕ್ರಿಸ್ ಎಂಬುವರೊಡನೆ ಅವರು ಬರೆದ ಆ ಶಾಸ್ತ್ರದ ಪಾಠಗ್ರಂಥವನ್ನು ದೇಶದೇಶಗಳ ವಿದ್ಯಾರ್ಥಿಗಳು ಓದಿದ್ದಾರೆ. ಅಂಥವರು ಪ್ರಯೋಗಶಾಲೆಯನ್ನು ಬಿಟ್ಟು ಹಳ್ಳಿಯ ಒಲೆಯ ಕಡೆಗೆ ತಿರುಗಿದರು. ವಿಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದು ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತಿತ್ತು. ವಿಭಾಗಕ್ಕೆ ಅದೇ ಹೆಸರು ನಿಂತಿತು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಕೈಬಿಟ್ಟು ಎಸೆಯುವುದು ಅಸ್ತ್ರ ಎಂದು ನಮ್ಮ ಗುರುಗಳು ಪಾಠ ಹೇಳುತ್ತಿದ್ದರು. ಎಸೆತವೆಂಬ ಅರ್ಥದ ಅಸ್ ಧಾತುವೇ ಇದಕ್ಕೆ ಮೂಲ. ಹೆಸರಿಟ್ಟವರು ಈ ಭೇದವನ್ನು ಎಣಿಸಿದ್ದರೋ ಇಲ್ಲವೋ, ಕೈಬಿಟ್ಟ ಮೇಲೆ ಅದು ಎಲ್ಲಿಗೆ ಮುಟ್ಟಿತು ಎಂಬ ಪ್ರಶ್ನೆಯು ಆ ಹೆಸರಿನಲ್ಲಿಯೇ ಅಡಗಿದೆ.

ಕುಣಿಗಲು ತಾಲ್ಲೂಕಿನ ಉಂಗ್ರದಲ್ಲಿ ಈ ವಿಭಾಗದ ಕೇಂದ್ರವೊಂದು ಏರ್ಪಟ್ಟಿತು. ಅದರ ಸುತ್ತಣ ಆರು ಊರುಗಳಲ್ಲಿ ಮನೆಮನೆಗೂ ಹೋಗಿ, ಏನನ್ನು ಉರಿಸುತ್ತಾರೆ, ಎಷ್ಟು ಉರಿಸುತ್ತಾರೆ, ಅದನ್ನು ಯಾರು ತರುತ್ತಾರೆ, ತರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬಿಷ್ಟನ್ನೂ ವಿಚಾರಿಸಿ ಬರೆದುಕೊಂಡರು. ಅವುಗಳಲ್ಲಿ ಪುರವೆಂಬ ಊರಿನ ಲೆಕ್ಕವು ಬಹಳ ಪ್ರಸಿದ್ಧವಾಯಿತು. ಆಗ ಅಲ್ಲಿದ್ದುದು ೫೬ ಮನೆಗಳು, ೩೫೭ ಜನ. ಊರು ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಭಾಗ ಸೌದೆಯದೇ ಆಗಿತ್ತು. ವಿದ್ಯುತ್ತಿನದು ನೂರಕ್ಕೆ ಒಂದು ಭಾಗವೂ ಇರಲಿಲ್ಲ. ಮಿಕ್ಕುದು ಮನುಷ್ಯರ ಮೈಬಲ, ಎತ್ತುಗಳ ಬಲ, ಸೀಮೆಯೆಣ್ಣೆ ಮುಂತಾದುವು. ಮನುಷ್ಯರ ದುಡಿಮೆಯನ್ನೂ ಎತ್ತಿನ ದುಡಿಮೆಯನ್ನೂ ಕಲ್ಲಿದ್ದಲು ಎಣ್ಣೆಗಳ ಸಾಲಿನಲ್ಲಿಯೇ ಇಟ್ಟು ಎಣಿಸಿದುದು ಈ ಲೆಕ್ಕದ ವಿಶೇಷ. ಸರ್ಕಾರಗಳ ಪಟ್ಟಿಗಳಲ್ಲಿ ಕಾಣುತ್ತಿದ್ದುದು ಮಾರಾಟಕ್ಕೆ ಬಂದ ಇಂಧನ ಮಾತ್ರ; ತಲೆಯ ಮೇಲೆ ಹೊತ್ತು ತಂದುದು ಅವುಗಳಲ್ಲಿ ಇರಲಿಲ್ಲ.

ಹೊತ್ತು ತಂದವರ ಲೆಕ್ಕವೂ ಅಲ್ಲಿ ಉಂಟು. ಪುರದಲ್ಲಿ ಒಂದು ಮನೆಯವರು ದಿನಕ್ಕೆ ಸುಮಾರು ೧೦ ಕಿಲೋಗ್ರಾಮಿನಷ್ಟು ಸೌದೆಗಾಗಿ ೨.೬ ಗಂಟೆಯ ಹೊತ್ತು ಕಳೆದು ೪.೮ ಕಿಲೋಮೀಟರು ನಡೆಯುತ್ತಿದ್ದರು. ನೀರಿಗಾಗಿ ಮತ್ತೆ ೧.೫ ಗಂಟೆ, ೧.೬ ಕಿಲೋಮೀಟರು, ಅಷ್ಟು ನಡೆದು ತಂದ ನೀರು ತಲೆಗೆ ೧೭ ಲೀಟರು. ಈ ಅಂಕಿಗಳನ್ನು ಓದಿದಾಗ ನಾನು ಪಂಚಾಂಗದ ಗಣಿತ ಮಾಡುವ ಅಭ್ಯಾಸದಿಂದ ಅವನ್ನು ವರ್ಷಕ್ಕೆ ಗುಣಿಸಿ ನೋಡಿದೆನು. ಸೌದೆಯ ದಾರಿ ಒಂದೇ ವರ್ಷಕ್ಕೆ ೧೭೫೦ ಕಿಲೋಮೀಟರಿಗೆ ಮಿಗಿಲಾಗುತ್ತದೆ. ಬೆಂಗಳೂರಿನಿಂದ ಕಾಶಿಗೆ ರಸ್ತೆಯ ದಾರಿ ಹೆಚ್ಚುಕಡಮೆ ಅಷ್ಟೇ. ಪುರದ ಪ್ರತಿಯೊಂದು ಮನೆಯಿಂದಲೂ ವರುಷ ವರುಷವೂ ಒಂದು ಕಾಶೀಯಾತ್ರೆ ನಡೆಯುತ್ತಿತ್ತು; ಹೋದವರಿಗೆ ಗಂಗೆ ಸಿಕ್ಕಲಿಲ್ಲ, ಪುಳ್ಳೆ ಸಿಕ್ಕಿತು.

ಅದಂತಿರಲಿ. ಒಂದು ಕೊರತೆಯನ್ನು ಇಲ್ಲಿಯೇ ಹೇಳಬೇಕು. ಪ್ರಶ್ನೆ ಕೇಳಿದುದೂ ಉತ್ತರ ಹೇಳಿದುದೂ ಕನ್ನಡದಲ್ಲಿಯೇ ಆಗಿರಬೇಕು. ಉತ್ತರ ಹೇಳಿದ ಹೆಂಗಸು ಕಿಲೋಗ್ರಾಮಿನ ಲೆಕ್ಕದಲ್ಲಿ ಮಾತನಾಡಿರಲಾರಳು. ಹೊರೆ, ಕಂತೆ, ಮಂಕರಿ, ಬಿಂದಿಗೆ, ಹಂಡೆ ಎಂದಿರುತ್ತಾಳೆ. ‘ಬಚ್ಚಲೊಲೆಗೆ ಒಂದು ಕಂತೆ, ಅಡಿಗೆಗೆ ಅರ್ಧ ಹೊರೆ’ ಎನ್ನುವುದು ನಮ್ಮ ಕಡೆಯ ಮಾತಿನ ರೀತಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಪ್ರಕಟವಾದ ಲೇಖನಗಳಲ್ಲಿ ಆ ಮಾನಗಳೆಲ್ಲ ಕರಗಿ ಹೋಗಿ ತೂಕವೊಂದೇ ಉಳಿದಿದೆ. ವಿಜ್ಞಾನಕ್ಕೆ ಅದು ನ್ಯಾಯವೇ. ಆದರೆ ಬಳ್ಳ, ಕೊಳಗ, ಖಂಡುಗಗಳ ಪ್ರಮಾಣವನ್ನು ಶಾಸನಗಳಿಂದ ನಿರ್ಣಯಿಸಲು ತಲೆಮಾರುಗಳ ಕಾಲ ಚರ್ಚೆ ಮಾಡಿದ ನಮಗೆ, ನೆನ್ನೆಯ ಹೊರೆಯ ಪ್ರಮಾಣವು ಕಣ್ಣೆದುರಿಗೇ ಅಳಿಯುತ್ತಿರುವುದು ಏಕೆ ಕಾಣಬಾರದು?

ಇನ್ನು ಈ ಲೆಕ್ಕದ ಫಲವನ್ನು ನೋಡೋಣ. ಹಳ್ಳಿಯ ಒಲೆಗಳೇ ಕಾಡನ್ನು ತಿನ್ನುತ್ತಿವೆಯೆಂಬ ಮಾತು ಆಗ ಬಹಳ ಬಳಕೆಯಲ್ಲಿತ್ತು. ಹೆಂಗಸರು ಆರಿಸಿ ತರುವುದು ಬಹುಮಟ್ಟಿಗೆ ಪುಳ್ಳೆ ಕಡ್ಡಿಗಳನ್ನು. ಬುಡಕ್ಕೆ ಕೊಡಲಿ ಹಾಕಿಸುವುದು ಪಟ್ಟಣದ ಸೌದೆ ಡಿಪೋ. ರೆಡ್ಡಿಯವರೂ ಬಿ. ಸುಧಾಕರ ರೆಡ್ಡಿಯವರೂ ಕೂಡಿ ಬೆಂಗಳೂರಿಗೆ ಬರುವ ಸೌದೆಯನ್ನು ಕುರಿತು ೧೯೮೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪಟ್ಟಣದ ಈ ಬೇಡಿಕೆಯನ್ನು ಮನೆಗಳ ಅಂತಸ್ತಿಗೆ ತಕ್ಕಂತೆ ವಿಂಗಡಿಸಿ ತೋರಿಸಿದ್ದಾರೆ. ತಪ್ಪಿನ ಹೊರೆಯನ್ನು ಹೊತ್ತವಳ ತಲೆಯಿಂದ ಇಳಿಸಿದುದು ಈ ಅಧ್ಯಯನಗಳ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ.

ಲೆಕ್ಕವು ಸಮುದ್ರವನ್ನು ದಾಟಿದುದು ಹೀಗೆ. ೧೯೮೦ರ ದಶಕದ ಮೊದಲಲ್ಲಿ ನಾಲ್ವರು ವಿದ್ವಾಂಸರು ಒಂದು ಕೂಟವಾದರು: ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಭೌತವಿಜ್ಞಾನಿ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಥಾಮಸ್ ಯೋಹಾನ್ಸನ್, ಅಮೆರಿಕಾದ ಪ್ರಿನ್ಸ್‌ಟನ್ನಿನ ರಾಬರ್ಟ್ ವಿಲಿಯಮ್ಸ್, ಬೆಂಗಳೂರಿನ ಅಮೂಲ್ಯ ರೆಡ್ಡಿ. ಕಬ್ಬಿನಿಂದ ಮದ್ಯಸಾರವನ್ನು ತೆಗೆದು ಮೋಟಾರುಗಳಿಗೆ ಹಾಕುವ ದೇಶದಿಂದ ಒಬ್ಬರು, ಚಳಿಯ ದೇಶದಿಂದ ಒಬ್ಬರು, ಎಲ್ಲವನ್ನೂ ಹೇರಳವಾಗಿ ಉರಿಸುವ ದೇಶದಿಂದ ಒಬ್ಬರು, ಸೌದೆಯ ದೇಶದಿಂದ ಒಬ್ಬರು. ಅದುವರೆಗಿನ ಪದ್ಧತಿಯಲ್ಲಿ, ಮುಂದೆ ಎಷ್ಟು ಎಣ್ಣೆ, ಎಷ್ಟು ಕಲ್ಲಿದ್ದಲು ದೊರೆಯಬೇಕು ಎಂಬಲ್ಲಿಂದ ವಿಚಾರವು ಮೊದಲಾಗುತ್ತಿತ್ತು. ಇವರು ಅದನ್ನು ತಿರುವುಮುರುವು ಮಾಡಿದರು. ಅನ್ನ ಬೇಯಬೇಕು, ದೀಪ ಉರಿಯಬೇಕು, ನೀರು ಮೇಲಕ್ಕೇರಬೇಕು, ಮನೆ ಬೆಚ್ಚಗಿರಬೇಕು. ಈ ಪ್ರಯೋಜನಗಳಿಗೆ, ಇರುವ ಉಪಕರಣಗಳಲ್ಲೆಲ್ಲ ಉತ್ತಮವಾದುವನ್ನು ಬಳಸಿದರೆ, ಎಷ್ಟು ಶಕ್ತಿ ಸಾಕು ಎಂದು ತುದಿಯಿಂದ ಬುಡಕ್ಕೆ ಎಣಿಸಿದರು. ತಲೆಗೊಂದು ಕಿಲೋವಾಟಿನಷ್ಟು ಶಕ್ತಿಯಿಂದ, ೧೯೭೦ರ ದಶಕದ ಪಶ್ಚಿಮ ಯೂರೋಪಿನವರ ಬಾಳುವೆಗೆ ಸಮನಾದ ಅನುಕೂಲವನ್ನು ಲೋಕದ ಬಡದೇಶಗಳ ಜನರಿಗೆಲ್ಲ ಒದಗಿಸಬಹುದೆಂದು ೧೯೮೫ರಲ್ಲಿ ಸಾರಿದರು. ಅವರ ಮಹಾಗ್ರಂಥವಾದ ‘ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್’ ೧೯೮೮ರಲ್ಲಿ ದೆಹಲಿಯಲ್ಲಿ ಅಚ್ಚಾಯಿತು. ಅದರೊಳಗೆ ಪುರದ ಒಲೆಗಳೂ ಪುರದ ಬಿಂದಿಗೆಗಳೂ ಇವೆ.

ವಿಶ್ವಸಂಸ್ಥೆಯ ಏರ್ಪಾಟಿನಿಂದ ನಾರ್ವೆ ದೇಶದ ಶ್ರೀಮತಿ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯಲ್ಲಿ ಕುಳಿತ ಆಯೋಗವು ೧೯೮೭ರಲ್ಲಿ ಕೊಟ್ಟ ವರದಿಯಲ್ಲಿ, ಲೋಕದ ಮುಂದೆ ಇರುವ ಎರಡು ದಾರಿಗಳನ್ನು ಹೋಲಿಸುವಾಗ, ಕಡಮೆ ಶಕ್ತಿಯ ದಾರಿಗೆ ಉದಾಹರಣೆಯಾಗಿ ಎತ್ತಿಕೊಂಡುದು ಈ ನಾಲ್ವರ ಲೆಕ್ಕವನ್ನೇ. ೨೦೦೦ದಲ್ಲಿ ನಾಲ್ವರಿಗೂ ಕೂಡಿಯೇ ವೋಲ್ವೊ ಪರಿಸರ ಪ್ರಶಸ್ತಿ ಬಂದಿತು. ಹವಾಗುಣದ ಮಾರ್ಪಾಡನ್ನು ಕುರಿತು ೧೯೮೮ರಲ್ಲಿ ಸ್ಥಾಪಿತವಾದ ಅಂತರ ಸರ್ಕಾರ ಮಂಡಲಿಗೂ ಇದೇ ಸೀಮೆಯ ಅನುಭವವು ಮುಟ್ಟಿದೆ. ಉಂಗ್ರದ ವ್ಯವಸಾಯವನ್ನು ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಎನ್. ಎಚ್. ರವೀಂದ್ರನಾಥರು, ಭೂಬಳಕೆ ಮತ್ತು ಕಾಡುಗಳನ್ನು ಕುರಿತು ಆ ಮಂಡಲಿಯು ೨೦೦೦ದಲ್ಲಿ ಹೊರತಂದ ವಿಶೇಷ ವರದಿಯ ಸಂಪಾದಕರಲ್ಲಿ ಒಬ್ಬರು. ಮಂಡಲಿಯ ಮೊದಲ ಅಧ್ಯಕ್ಷರಾದ ಸ್ವೀಡನ್ನಿನ ಬರ್ಟ್ ಬೊಲಿನ್ ಅವರ ಹೆಸರೂ ಅದೇ ಸಾಲಿನಲ್ಲಿದೆ.

ಇಷ್ಟು ಹೋದುದರ ಮಾತಾಯಿತು. ಬಂದುದರ ಕಥೆ ಇಷ್ಟು ನೇರವಾಗಿಲ್ಲ.

ಮೊದಲು ಬಂದುದು ಒಲೆ. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡುವ, ಹೊಗೆಗೊಳವೆಯುಳ್ಳ ‘ಅಸ್ತ್ರ ಒಲೆ’ ಕನ್ನಡನಾಡಿನ ಹಳ್ಳಿಗಳಲ್ಲೆಲ್ಲ ಹೆಸರಾಯಿತು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ತುರುವೇಕೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿಯೂ ಅದನ್ನು ಕಟ್ಟಿಸಿದರು. ಸೌದೆ ಉಳಿದುದೂ, ಅಡಿಗೆಮನೆಯ ಗೋಡೆಯು ಕಪ್ಪಾಗುವುದು ನಿಂತುದೂ, ನಮ್ಮ ತಾಯಿಯವರ ಕೆಮ್ಮು ಕಡಮೆಯಾದುದೂ ನಿಜ. ಆದರೆ ಆ ಒಲೆಯ ಬಾಯಿ ಕಿರಿದು. ಸೀಳಿದ ತುಂಡುಸೌದೆಗೆ ತಕ್ಕುದು. ನಮ್ಮಲ್ಲಿದ್ದುದು ಎರಡಾಳುದ್ದದ ಗರಿ ಮತ್ತು ಎಡಮಟ್ಟೆ. ಅವನ್ನು ದಿನವೂ ಕಡಿದು ತುಂಡು ಮಾಡುವ ಕೆಲಸ ಹೊಸದಾಗಿ ಸೇರಿತು. ಅದು ಮನೆಯ ಗಂಡಸರ ಪಾಲಿಗೆ ಬರಲಿಲ್ಲ. ಕೊಳವೆಗೆ ಕಟ್ಟಿದ ಮಸಿಯನ್ನು ತೆಗೆಯುವ ಕೆಲಸವನ್ನು ನಾವು ಯಾರೂ ಮಾಡಲಿಲ್ಲ. ನಾಲ್ಕು ಮಳೆಗಾಲ ಕಳೆಯುವುದರೊಳಗೆ ಹಳೆಯ ಒಲೆ ಮರಳಿ ಬಂತು. ತಪ್ಪು ಒಲೆಯದಲ್ಲ, ನಮ್ಮದು. ಆದರೂ ಒಂದು ಮಾತು: ಪಕ್ಕದ ತಾಲ್ಲೂಕಿನ ಸೌದೆಗೆ ಹೊಂದಿದ ಒಲೆಯು ತೆಂಗಿನ ಸೀಮೆಯ ಉರುವಲಿಗೆ ಹೊಂದಲಿಲ್ಲ. ಸೌದೆ ಬೇರೆ, ಉರುವಲು ಬೇರೆ ಎಂದು ಮೊದಲು ಹೇಳಿದ ಭೇದವು ಹೀಗೆ ಅಡಿಗೆಮನೆಯಲ್ಲಿಯೇ ಸಿದ್ಧವಾಯಿತು.

ಪುರಕ್ಕೆ ಬಂದುದು ಸಗಣಿಯಿಂದ ಅನಿಲವನ್ನು ತೆಗೆಯುವ ಊರೊಟ್ಟಿನ ಯಂತ್ರ. ಅಡಿಗೆಗೆ ಅನಿಲವನ್ನು ಹಂಚಬೇಕೆಂಬುದು ಮೊದಲಿನ ಉದ್ದೇಶವಾಗಿತ್ತು. ಊರಿನ ದನಗಳ ಸಗಣಿಯು ಅದಕ್ಕೆ ಸಾಲದೆಂದು ತಿಳಿದುಬಂದುದರಿಂದ, ೧೯೮೭ರಲ್ಲಿ ಅದನ್ನೇ ಎಂಜಿನ್ನಿಗೆ ಕೊಟ್ಟು ದೀಪವನ್ನೂ ಕೊಳಾಯಿ ನೀರನ್ನೂ ಒದಗಿಸಿದರು. ಸಗಣಿ ತಂದು ಸುರಿದವರಿಗೆ ತೂಕದ ಮೇಲೆ ಕಾಸು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವೂ ಅವರಿಗೇ. ಯಂತ್ರವನ್ನು ನಡೆಸಿದವರು ಆ ಊರಿನ ಹುಡುಗರೇ. ನೀರಿಗಾಗಿ ಕಳೆಯುತ್ತಿದ್ದ ಆ ಒಂದೂವರೆ ಗಂಟೆ ಉಳಿಯಿತೆಂಬುದೇ ಇದರ ಸಾರ್ಥಕ್ಯ. ಹಲವು ವರ್ಷ ನಡೆದು ಅದು ನಿಂತಿತು. ೨೦೦೪ರಲ್ಲಿ ರೆಡ್ಡಿಯವರೇ ಪುರದ ಪಾಠಗಳೆಂಬ ಅರ್ಥದ ಹೆಸರಿನಲ್ಲಿ ಲೇಖನ ಬರೆದು ಈ ಕೆಲಸವನ್ನು ವಿಮರ್ಶಿಸಿದರು. ಹುಟ್ಟಿಸಿದವರೇ ಹೀಗೆ ಎದುರು ನಿಂತು ಒರೆಹಚ್ಚುವುದು ನಮ್ಮ ಪಂಡಿತಮಂಡಲಿಯಲ್ಲಿಯೂ ಅಪರೂಪ.

ಮೂರನೆಯದು ಸೌದೆಯನ್ನೇ ಅನಿಲವಾಗಿಸುವ ಯಂತ್ರ. ಗಾಳಿಯನ್ನು ಅರೆಯಾಗಿ ಬಿಟ್ಟು ಸೌದೆಯನ್ನು ಉರಿಸಿದರೆ ಇಂಗಾಲದ ಮಾನಾಕ್ಸೈಡ್, ಜಲಜನಕ ಮೊದಲಾದ ಉರಿಯುವ ಅನಿಲಗಳು ಹೊರಡುತ್ತವೆ. ಅವನ್ನು ತಣಿಸಿ, ಡಾಂಬರಿನಂಥ ಜಿಡ್ಡನ್ನು ತೊಳೆದು ಎಂಜಿನ್ನಿಗೆ ಬಿಟ್ಟರೆ ಡೀಸೆಲಿನ ಹೆಚ್ಚು ಭಾಗ ಉಳಿಯುತ್ತದೆ. ಕುಣಿಗಲು ತಾಲ್ಲೂಕಿನ ಹೊಸಹಳ್ಳಿಯಲ್ಲಿ, ವಿದ್ಯುತ್ತಿನ ಕಂಬವೇ ಬಂದಿರದ ಸುಮಾರು ೩೫ ಮನೆಗಳ ಊರಿನಲ್ಲಿ, ೧೯೮೮ರಿಂದ ಇಂಥ ಯಂತ್ರ ನಡೆಯಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು, ಎಲ್ಲವೂ ಅದರಿಂದಲೇ. ೨೦೦೪ರಲ್ಲಿ ರವೀಂದ್ರನಾಥರೂ ಸಂಗಡಿಗರೂ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಯಂತ್ರವು ತನ್ನ ಪೂರ್ಣಬಲವಾದ ೨೦ ಕಿಲೋವಾಟಿನಲ್ಲಿ ನಡೆದರೆ ಯೂನಿಟ್ಟಿಗೆ ಬೀಳುವ ಸೌದೆ ಕೂಲಿಗಳ ವೆಚ್ಚ ೩ ರೂಪಾಯಿ ೩೪ ಪೈಸೆ. ೫ ಕಿಲೋವಾಟಿನಲ್ಲಿ ನಡೆದರೆ ೫ ರೂಪಾಯಿ ೮೫ ಪೈಸೆ. ಎಂದರೆ ಕೆಲಸ ಹೆಚ್ಚಿದಷ್ಟೂ ಅಗ್ಗ, ಕಡಮೆಯಾದಷ್ಟೂ ದುಬಾರಿ. ಸಣ್ಣ ಊರಿನಲ್ಲಿ ಸಂಜೆ ನಾಲ್ಕು ದೀಪಗಳಿಗಿಂತ ಹೆಚ್ಚಿನ ಕೆಲಸವನ್ನು ಎಲ್ಲಿಂದ ತರುವುದು?

ಈ ಇಕ್ಕಟ್ಟನ್ನು ಬಿಡಿಸಲೆಂದೇ, ಊರಿನ ವಿದ್ಯುತ್ತನ್ನು ರಾಜ್ಯದ ತಂತಿಗೆ ಮಾರುವ ಉಪಾಯ ಹುಟ್ಟಿತು. ಲೋಕ ಪರಿಸರ ನಿಧಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಭಾರತ–ಕೆನಡಾ ಪರಿಸರ ನಿಧಿ, ಭಾರತ ಸರ್ಕಾರ, ಕರ್ನಾಟಕ ಸರ್ಕಾರ ಇವೆಲ್ಲ ಕೂಡಿ ತುಮಕೂರು ಜಿಲ್ಲೆಯಲ್ಲಿ ೨೦೦೧ರಿಂದ ಒಂದು ದೊಡ್ಡ ಯೋಜನೆಯನ್ನು ನಡೆಸಿದುವು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ೫೦೦ ಕಿಲೋವಾಟಿನ ಸ್ಥಾವರವೆದ್ದು, ೨೦೦೭ರಲ್ಲಿ ವಿದ್ಯುತ್ತು ತಂತಿಗೆ ಹರಿಯಿತು. ಯಂತ್ರವಿದ್ಯೆ ಬೆಂಗಳೂರಿನ ಸಂಸ್ಥೆಯದೇ. ಆಗ ಒಪ್ಪಂದದಲ್ಲಿ ಬರೆದ ದರ ಯೂನಿಟ್ಟಿಗೆ ೨ ರೂಪಾಯಿ ೮೫ ಪೈಸೆ. ಹೊಸಹಳ್ಳಿಯ ಅಂಕಿಗಳು ಮೂರು ವರ್ಷ ಮೊದಲೇ ಅಚ್ಚಾಗಿದ್ದುವೆಂಬುದನ್ನು ವಾಚಕರು ಗಮನಿಸಬೇಕು. ಎರಡು ಸ್ಥಾವರಗಳ ಗಾತ್ರ ಬೇರೆ ಬೇರೆ, ಒಂದರ ವೆಚ್ಚವನ್ನು ಇನ್ನೊಂದಕ್ಕೆ ಹಾಗೆಯೇ ಹಚ್ಚಲಾಗದು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಸೌದೆಯನ್ನು ಬೆಳೆದು, ಕಡಿದು, ಒಣಗಿಸಿ, ಹೇರಿ ತರುವ ಆಳಿಗೆ ಕೂಲಿ ಕೊಟ್ಟು ಆ ದರದಲ್ಲಿ ಉಳಿತಾಯ ತೋರಿಸುವುದು ಯಾವ ಪಂಚಾಯಿತಿಗೂ ಸಾಧ್ಯವಿರಲಿಲ್ಲ. ಯೋಜನೆಯ ಅವಧಿ ೨೦೧೨ಕ್ಕೆ ಮುಗಿಯಿತು; ಯಂತ್ರಗಳು ಆಮೇಲೆ ಬಹುಕಾಲ ನಡೆಯಲಿಲ್ಲ.

ಹಳ್ಳಿಯವರ ಉದಾಸೀನದಿಂದ ಯಂತ್ರಗಳು ಕೆಟ್ಟುವೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ೧೯೭೭ರಲ್ಲಿ ಎಲ್ಲರಿಗಿಂತ ಮೊದಲು ಎಣಿಸಿದುದು ಆ ೨.೬ ಗಂಟೆಯನ್ನು, ಹೊರುವವರ ಹೊತ್ತನ್ನು. ಮೂವತ್ತು ವರ್ಷದ ಮೇಲೆ ಒಪ್ಪಂದ ಬರೆಯುವಾಗ ಬಿಟ್ಟುಹೋದುದೂ ಅದೇ. ಐದು ನಿಧಿಗಳು ಸೇರಿ ಯಂತ್ರಕ್ಕೆ ಹಣ ಹಾಕಿದುವು. ದಿನದಿನದ ಹೊರೆಗೆ ಕೂಲಿ ಹುಟ್ಟುವಂಥ ದರವನ್ನು ಯಾರೂ ಬರೆಯಲಿಲ್ಲ. ಉತ್ತರದಲ್ಲಿ ಪಾವಗಡದ ಬಯಲಿನಲ್ಲಿ ೨೦೧೯ರ ಹೊತ್ತಿಗೆ ೨೦೫೦ ಮೆಗಾವಾಟಿನ ಸೌರಸ್ಥಾವರ ಪೂರ್ತಿಯಾಗಿ, ಹದಿಮೂರು ಸಾವಿರ ಎಕರೆಯಷ್ಟು ಹೊಲಗಳಿಗೆ ಗುತ್ತಿಗೆಯ ಹಣ ಬರುತ್ತಿದೆ. ಅಲ್ಲಿ ಹೊರುವವರೇ ಬೇಕಿಲ್ಲ. ಅದು ಬೇರೊಂದು ಲೇಖನದ ವಿಷಯ.

ನಮ್ಮ ಮೂರು ತಾಲ್ಲೂಕುಗಳಿಗೆ ಮರಳೋಣ. ಇಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಬಿಟ್ಟು, ಒಳಗಿನ ಕೊಬ್ಬರಿ ಉಂಡೆಯಾಗಿ ಕಳಚಿಕೊಂಡ ಮೇಲೆ ಒಡೆಯುತ್ತಾರೆ. ಅಷ್ಟು ಕಾಲ ಒಣಗಿದ ಕರಟವು ಅನಿಲಯಂತ್ರಕ್ಕೆ ಬಹಳ ಹಿತವಾದ ಉರುವಲು. ಬೂದಿ ಕಡಮೆ, ಕಾವು ಹೆಚ್ಚು. ಈಗ ಅದು ಇದ್ದಿಲು ಸುಡುವವರ ಕೈಗೆ ಹೋಗುತ್ತದೆ. ಆ ಇದ್ದಿಲಿನಿಂದ ನೀರನ್ನು ಶುದ್ಧಿಮಾಡುವ ಕ್ರಿಯಾಶೀಲ ಇಂಗಾಲವಾಗುತ್ತದೆ. ಗಾಳಿಯನ್ನು ಅರೆಯಾಗಿ ಬಿಟ್ಟು ಸುಡುವುದು ಅಲ್ಲಿಯೂ ಉಂಟು. ಹೊಸಹಳ್ಳಿಯಲ್ಲಿ ಹಿಡಿದು ದೀಪ ಹಚ್ಚಿದ ಅನಿಲವು ಇಲ್ಲಿ ಹೊಗೆಯಾಗಿ ರಸ್ತೆಯ ಮೇಲೆ ಹೋಗುತ್ತದೆ. ಇನ್ನು ಜನಗಣತಿಯ ಪಟ್ಟಿಯಲ್ಲಿ ಅಡಿಗೆಯ ಇಂಧನಕ್ಕೆ ಸೌದೆಯೆಂದು ಒಂದು ಮನೆ, ಬೆಳೆಯ ಉಳಿಕೆಯೆಂದು ಇನ್ನೊಂದು ಮನೆ ಇದೆ. ಎಡಮಟ್ಟೆಯನ್ನು ಯಾವ ಮನೆಯಲ್ಲಿ ಬರೆಯಬೇಕು? ಮರದಿಂದ ಬಿದ್ದುದರಿಂದ ಸೌದೆಯೋ, ಬೆಳೆಯಿಂದ ಬಂದುದರಿಂದ ಉಳಿಕೆಯೋ? ಬರೆಯುವವನ ಮನಸ್ಸಿಗೆ ಬಂದಂತೆ ಆಗುತ್ತದೆ. ಹೀಗಾಗಿ ನಮ್ಮ ಸೀಮೆಯ ಉರುವಲಿನ ಲೆಕ್ಕವು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುವಂತಿಲ್ಲ.

೨೦೧೬ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಉಜ್ಜ್ವಲಾ ಯೋಜನೆ ಮೊದಲಾದ ಮೇಲೆ ಅನಿಲದ ಸಿಲಿಂಡರು ಬಡವರ ಮನೆಗಳಿಗೂ ಬಂದಿದೆ. ಬಂದುದು ಒಳ್ಳೆಯದೇ, ಹೊಗೆ ಕುಡಿದವರ ಸಂಕಟವನ್ನು ಕಂಡ ಯಾರೂ ಹಳೆಯ ಒಲೆಯನ್ನು ಹೊಗಳಲಾರ. ಬಚ್ಚಲೊಲೆಯಲ್ಲಿ ಮಾತ್ರ ಇನ್ನೂ ಮಟ್ಟೆ ಉರಿಯುತ್ತಿದೆ. ಅಡಿಗೆಮನೆಯಿಂದ ಹೊರಟುಹೋದ ಮಾತುಗಳು ಬಚ್ಚಲಲ್ಲಿ ಎಷ್ಟು ದಿನ ಉಳಿದಾವು? ಈ ಪತ್ರಿಕೆಯನ್ನು ಓದುವ ಅಧ್ಯಾಪಕರಲ್ಲಿ ಅನೇಕರು ಈ ತಾಲ್ಲೂಕುಗಳ ಪ್ರೌಢಶಾಲೆ ಕಾಲೇಜುಗಳಲ್ಲಿದ್ದಾರೆ. ವಿದ್ಯಾರ್ಥಿಗಳಿಗೆ ಬೇಸಗೆಯ ರಜದಲ್ಲಿ ಗಾದೆಗಳನ್ನು ಕೂಡಿಸಿಕೊಂಡು ಬರಲು ಹೇಳುವವರು, ಜೊತೆಗೆ ಒಂದು ತಕ್ಕಡಿಯನ್ನೂ ಕೊಟ್ಟು ಕಳುಹಿಸಲೆಂದು ಬೇಡುತ್ತೇನೆ. ಹೊರೆಯೆಂದರೆ ಎಷ್ಟು ಗರಿ, ಕಂತೆಯೆಂದರೆ ಎಷ್ಟು ಎಡಮಟ್ಟೆ, ಮಂಕರಿಗೆ ಎಷ್ಟು ಕರಟ ಹಿಡಿಯುತ್ತದೆ, ಯಾವುದರಿಂದ ಎಷ್ಟು ಹೊತ್ತು ಉರಿ ನಿಲ್ಲುತ್ತದೆ ಎಂಬುದನ್ನು ಊರಿನ ಹೆಸರು ಸಹಿತವಾಗಿ ಬರೆಯಿಸಬೇಕು. ಹೇಳಬಲ್ಲವರು ಇನ್ನೂ ಇದ್ದಾರೆ. ನಮ್ಮ ಸೋದರತ್ತೆಯವರಿಗೆ ಈಗ ತೊಂಬತ್ತರ ಸಮೀಪ, ಕಣ್ಣು ಮಂದವಾಗಿದೆ. ಮೊನ್ನೆ ಊರಿಗೆ ಹೋದಾಗ ಕೇಳಿದೆನು. ‘ಹೊರೆ ಅಂದ್ರೆ ಯಾವ ಹೊರೆ ಕಣಪ್ಪ? ತೋಟದ್ದೋ, ಕೆರೆ ಆಚೆ ಕಡೆದೋ?’ ಎಂದು ಅವರು ನನ್ನನ್ನೇ ಮರಳಿ ಕೇಳಿದರು. ದೂರಕ್ಕೆ ತಕ್ಕಂತೆ ಹೊರೆಯ ಗಾತ್ರ ಬೇರೆಯಾಗುತ್ತಿತ್ತೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.